ಹಲ್ಲಿನ ಕಲೆಗೆ ಬೋರ್‌ವೆಲ್ ನೀರು ಕಾರಣವೇ?

ಮಗುವಿನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಿದೆ. ಆದರೆ ಅದರ ಮೇಲೆ ಬಿಳಿ ಗೆರೆ ಅಥವಾ ಕಂದು ಕಲೆ. ಎಷ್ಟು ಉಜ್ಜಿದರೂ ಹೋಗದು. ಮಗುವನ್ನು ಗದರಿಸುವ ಮುನ್ನ ಮನೆಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಯೋಚಿಸಿ.

ಹಲ್ಲು ಎಂದರೆ ಬರೀ ಸುಣ್ಣವಲ್ಲ. ದೇಹ ಮೊದಲು ಪ್ರೋಟೀನಿನ ಹಂದರ ಕಟ್ಟಿ, ಅದರಲ್ಲಿ ಖನಿಜವನ್ನು ತುಂಬುತ್ತದೆ. ಫಾಸ್ಫೇಟ್ ಅಂಟಿಕೊಂಡ ಕೆಲವು ಪ್ರೋಟೀನುಗಳು ಕ್ಯಾಲ್ಸಿಯಂ ಅನ್ನು ಸೆಳೆದು ಹಿಡಿಯುತ್ತವೆ. ಮೈತುಂಬ ಮುಳ್ಳಿರುವ ‘ಸೀ ಅರ್ಚಿನ್’ ಎಂಬ ಕಡಲಜೀವಿಯಲ್ಲೂ ಇಂಥವು ಇವೆ. ಅದರ ಹಲ್ಲಿನಲ್ಲಿ ‘ಫಾಸ್ಫೊಡಾಂಟಿನ್’ ಎಂಬ ಪ್ರೋಟೀನನ್ನು 2010ರಲ್ಲಿ ಜರ್ಮನಿಯ ವಿಜ್ಞಾನಿಗಳು ಗುರುತಿಸಿದರು. ನಮ್ಮ ಹಲ್ಲಿನ ಒಳಪದರದಲ್ಲೂ ಇದೇ ಬಗೆಯ ಪ್ರೋಟೀನುಗಳಿವೆ.

ಹಲ್ಲಿನ ಹೊರಗವಚವಾದ ಎನಾಮೆಲ್ ಬಲಿಯುವಾಗ ಹಂದರದ ಪ್ರೋಟೀನು ಕರಗಿ ಜಾಗ ಬಿಡಬೇಕು. ಮಗು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಅದು ಸರಿಯಾಗಿ ಕರಗುವುದಿಲ್ಲ. ಎನಾಮೆಲ್ಲಿನಲ್ಲಿ ಸೂಕ್ಷ್ಮ ರಂಧ್ರಗಳು ಉಳಿದು ಕಲೆ ಮೂಡುತ್ತದೆ. ಇದೇ ದಂತ ಫ್ಲೋರೋಸಿಸ್. ಸುಮಾರು ಎಂಟು ವರ್ಷದವರೆಗಿನ ಅವಧಿ ಮುಖ್ಯ. ಅದೇ ನೀರನ್ನು ಹಲವು ವರ್ಷ ಕುಡಿದರೆ ದೊಡ್ಡವರಲ್ಲೂ ಕೀಲು ಬಿಗಿದು ಬೆನ್ನು ಬಾಗಬಹುದು.

ಬಳ್ಳಾರಿ ಸೀಮೆಗೆ ಈ ತೊಂದರೆ ಹೊಸದಲ್ಲ. ಹೊಸಪೇಟೆ, ಹಂಪಿ, ಕಂಪ್ಲಿಗಳ ಮಗ್ಗುಲಲ್ಲೇ ತುಂಗಭದ್ರೆ ಇದೆ. ನದಿನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. ಆದರೆ ಹಂಪಿಯ ಬಂಡೆಗಳಂಥ ಗ್ರಾನೈಟ್ ಕಲ್ಲಿನ ಬಿರುಕುಗಳಲ್ಲಿ ನಿಂತ ಅಂತರ್ಜಲಕ್ಕೆ ಫ್ಲೋರೈಡ್ ಇಳಿಯುತ್ತದೆ. ಅಕ್ಕಪಕ್ಕದ ಎರಡು ಬೋರ್‌ವೆಲ್‌ಗಳ ನೀರೂ ಒಂದೇ ತೆರನಾಗಿ ಇರಬೇಕೆಂದಿಲ್ಲ. ಸಂಡೂರಿನ ಹಳ್ಳಿಯಾಗಲಿ, ಕಂಪ್ಲಿಯ ತೋಟದಮನೆಯಾಗಲಿ, ಬೋರ್‌ವೆಲ್ ನೀರು ಕುಡಿಯುವವರು ಅದನ್ನು ಪರೀಕ್ಷೆ ಮಾಡಿಸಲೇಬೇಕು.

ನೆನಪಿಡಿ:

* ಫ್ಲೋರೈಡಿಗೆ ಬಣ್ಣ, ರುಚಿ ಇಲ್ಲ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ನೀರನ್ನು ಪರೀಕ್ಷಿಸಿ. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಬಾರದು.
* ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಪ್ರಮಾಣವೇ ಹೆಚ್ಚುತ್ತದೆ. ಸಾಮಾನ್ಯ ಕ್ಯಾಂಡಲ್ ಫಿಲ್ಟರೂ ಸಾಲದು.
* ಫ್ಲೋರೈಡ್ ಹೆಚ್ಚಿದ್ದರೆ ಕುಡಿಯಲು ಮಾತ್ರವಲ್ಲ, ಅಡುಗೆಗೂ ನದಿಮೂಲದ ನಲ್ಲಿ ನೀರು ಅಥವಾ ಶುದ್ಧ ನೀರಿನ ಘಟಕದ ನೀರನ್ನು ಬಳಸಿ.
* ಹಾಲು, ರಾಗಿ, ಸೊಪ್ಪು, ಸೀಬೆ, ನೆಲ್ಲಿಕಾಯಿ ಕೊಡಿ. ಚಿಕ್ಕ ಮಕ್ಕಳಿಗೆ ಚಹಾ ಬೇಡ. ಅದರಲ್ಲೂ ಫ್ಲೋರೈಡ್ ಇದೆ.
* ಮಕ್ಕಳು ಟೂತ್‌ಪೇಸ್ಟ್ ನುಂಗದಂತೆ ನೋಡಿಕೊಳ್ಳಿ.

ಮೂಡಿದ ಕಲೆಯನ್ನು ದಂತವೈದ್ಯರು ತಿಳಿಯಾಗಿಸಬಹುದು ಇಲ್ಲವೇ ಮರೆಮಾಡಬಹುದು. ಆದರೆ ಕೆಟ್ಟ ಎನಾಮೆಲ್ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ನೀರಿನ ಪರೀಕ್ಷೆಯನ್ನು ಮುಂದೂಡಬೇಡಿ.