ಬಾನುಲಿಯ ಈರಣ್ಣ: ಎ. ಎಸ್. ಮೂರ್ತಿ

ಮೈಸೂರಿನಲ್ಲಿ 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಸ್ವಂತ ಆಸಕ್ತಿಯಿಂದ ಆರಂಭಿಸಿದ ಆಕಾಶವಾಣಿಯು 1955ರಲ್ಲಿ ಬೆಂಗಳೂರಿನಲ್ಲಿ ನೆಲೆಗೊಂಡ ಬಳಿಕ ಮನೆಮಾತಾದ ದನಿಗಳಲ್ಲಿ, ಗವಿಪುರಂ–ಹನುಮಂತನಗರ ಪರಿಸರದ ಎ. ಎಸ್. ಮೂರ್ತಿಯವರದು ಪ್ರಮುಖವಾದುದು. ಅವರು ದನಿ ನೀಡಿದ ‘ಈರಣ್ಣ’ನ ಪಾತ್ರವು ನಗರದ ಕುಂದುಕೊರತೆಗಳನ್ನು ಜನಸಾಮಾನ್ಯರ ಆಡುಮಾತಿನಲ್ಲೇ ಎತ್ತಿ ಹೇಳುತ್ತಿತ್ತು. ಬಾನುಲಿ ನಾಟಕವೆಂದರೆ ರಂಗಸಜ್ಜಿಕೆ, ಪ್ರಸಾಧನ, ಮುಖಭಾವ ಯಾವುದೂ ಇಲ್ಲದೆ, ಮಾತಿನ ಏರಿಳಿತ, ಮೌನ ಹಾಗೂ ಹಿನ್ನೆಲೆಯ ಸದ್ದುಗಳಿಂದಲೇ ವ್ಯಕ್ತಿಯೊಬ್ಬನನ್ನು ಕಟ್ಟುವ ಕಲೆಯಾದ್ದರಿಂದ, ಆ ಪಾತ್ರದ ಹೆಸರೇ ಕಲಾವಿದನಿಗೆ ಅಂಟಿಕೊಂಡದ್ದು ಅಸಾಮಾನ್ಯ ಸಾಧನೆಯೇ ಸರಿ. ತಂದೆ ಅ. ನ. ಸುಬ್ಬರಾವ್ ಸ್ಥಾಪಿಸಿದ ಚಿತ್ರಕಲಾ ಶಾಲೆ ‘ಕಲಾಮಂದಿರ’ದ ವಾತಾವರಣದಲ್ಲಿ ಬೆಳೆದ ಮೂರ್ತಿಯವರು ಬೀದಿನಾಟಕಗಳನ್ನೂ ಆಡಿಸಿದರು; ‘ಅಭಿನಯ ತರಂಗ’ ಎಂಬ ಭಾನುವಾರದ ರಂಗಶಾಲೆಯನ್ನು ಕಟ್ಟಿ, ವಾರವಿಡೀ ದುಡಿಯುವವರಿಗೂ ನಟನೆಯ ಶಿಸ್ತುಬದ್ಧ ಶಿಕ್ಷಣವನ್ನು ದೊರಕಿಸಿದರು.