ಹೊಟ್ಟೆಯ ಮೇಲಣ ಚೀಲ ಮತ್ತು ಮನೆಯವರ ಕರ್ತವ್ಯ

ಕರುಳಿನ ಕ್ಯಾನ್ಸರ್, ತಡೆ ಅಥವಾ ಗಾಯದಿಂದ ಪೀಡಿತರಾದ ಕೆಲವರಿಗೆ ಶಸ್ತ್ರವೈದ್ಯರು ಕರುಳನ್ನು ಹೊಟ್ಟೆಯ ಮೇಲ್ಮೈಗೆ ತಂದು ಬಾಯಿ ಮಾಡಿ, ಮಲವು ಅಲ್ಲಿಂದ ಚೀಲಕ್ಕೆ ಇಳಿಯುವಂತೆ ಏರ್ಪಡಿಸುವುದುಂಟು. ನಂಜನಗೂಡಿನಿಂದಲೋ ತಿರುಮಕೂಡಲು ನರಸೀಪುರದಿಂದಲೋ ಮೈಸೂರಿಗೆ ಹೋದ ಇಂತಹ ರೋಗಿಯು ಪ್ರಾಣವನ್ನುಳಿಸಿಕೊಂಡು ಊರಿಗೆ ಮರಳಿದ ದಿನ ವೈದ್ಯರ ಮುಖ್ಯ ಕಾರ್ಯವು ಮುಗಿಯುತ್ತದೆ. ಮನೆಯವರ ಕಾರ್ಯವು ಮೊದಲಾಗುತ್ತದೆ. ಇದು ಕೆಟ್ಟರೆ ಅದರ ಫಲವೂ ಅರ್ಧವಾಗುವುದೆಂದು ನಾವು ಹೇಳಬೇಕಾಗಿದೆ.

ಅಂಟುವ ಚೀಲವು ಹುಟ್ಟಿದ್ದೂ ಒಂದು ಮನೆಯ ಸಂಕಟದಿಂದಲೇ. ಡೆನ್ಮಾರ್ಕಿನ ದಾದಿ ಎಲಿಸೆ ಸೊರೆನ್ಸನ್ನರು, ಈ ಶಸ್ತ್ರಚಿಕಿತ್ಸೆಗೆ ಒಳಗಾದ ತಮ್ಮ ಸೋದರಿಯು ಜನರೆದುರು ಬರಲು ಅಂಜುವುದನ್ನು ಕಂಡು, 1954ರಲ್ಲಿ ಅದನ್ನು ಕಲ್ಪಿಸಿದರು.

ಚೀಲ ಬದಲಿಸುವುದು ಕಷ್ಟದ ವಿದ್ಯೆಯಲ್ಲ. ಕರುಳು ಶಾಂತವಾಗಿರುವ ಬೆಳಗಿನ ಬರಿಹೊಟ್ಟೆಯ ಸಮಯವು ಉತ್ತಮ. ಹಳೆಯದನ್ನು ಕಿತ್ತೆಳೆಯದೆ, ಚರ್ಮವನ್ನು ಒತ್ತಿಹಿಡಿದು ಮೇಲಿನಿಂದ ಕೆಳಕ್ಕೆ ಬಿಡಿಸತಕ್ಕದ್ದು. ಸುತ್ತಲಿನ ಚರ್ಮವನ್ನು ಉಗುರುಬೆಚ್ಚನೆಯ ನೀರಿನಿಂದ ತೊಳೆದು ಪೂರ್ಣವಾಗಿ ಒಣಗಿಸಬೇಕು. ಕೊಬ್ಬರಿಯೆಣ್ಣೆ, ಪೌಡರು ಹಚ್ಚಿದರೆ ಅಂಟು ಹಿಡಿಯದು. ಕರುಳಿನ ಬಾಯನ್ನು ಅಳೆದು, ಅದಕ್ಕಿಂತ ಎರಡು ಮೂರು ಮಿಲಿಮೀಟರು ಮಾತ್ರ ಹೆಚ್ಚಾಗಿ ರಂಧ್ರ ಕತ್ತರಿಸಬೇಕು. ಹೆಚ್ಚು ತೆರೆದರೆ ಮಲವು ತಗಲಿ ಚರ್ಮವು ಸುಡುತ್ತದೆ. ಅಂಟಿಸಿದ ಮೇಲೆ ಅಂಗೈಯ ಬಿಸಿಯಲ್ಲಿ ಒಂದೆರಡು ನಿಮಿಷ ಒತ್ತಿಹಿಡಿಯುವುದು. ಚೀಲವು ಮೂರನೆಯ ಒಂದು ಭಾಗ ತುಂಬಿದೊಡನೆ ಬರಿದು ಮಾಡುವುದು. ಬಳಸಿದ ಚೀಲವನ್ನು ಬರಿದು ಮಾಡಿ, ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಬೇಕೇ ಹೊರತು ಕಪಿಲೆಗಾಗಲಿ ಕಾವೇರಿಗಾಗಲಿ ಎಸೆಯತಕ್ಕದ್ದಲ್ಲ.

ಆ ಬಾಯಿಯು ಕೆಂಪಾಗಿ ತೇವವಾಗಿರುವುದು ಆರೋಗ್ಯದ ಲಕ್ಷಣ; ಒರೆಸುವಾಗ ಒಂದೆರಡು ಹನಿ ರಕ್ತ ಕಂಡರೆ ಭಯವಿಲ್ಲ. ಅದು ಕಪ್ಪಾದರೆ, ಅಥವಾ ಮಲವು ನಿಂತು ಹೊಟ್ಟೆನೋವು ವಾಂತಿಗಳು ತೋರಿದರೆ, ಕ್ಷಣವೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಇಷ್ಟೆಲ್ಲಕ್ಕಿಂತ ದೊಡ್ಡ ಶತ್ರು ನಾಚಿಕೆ. ಗಾಯವು ಮಾಗಿದ ಮೇಲೆ ಇಂತಹವರು ಕಚೇರಿಗೆ ಹೋಗಬಹುದು, ಪಂಕ್ತಿಯಲ್ಲಿ ಕುಳಿತು ಉಣ್ಣಬಹುದು, ನಂಜುಂಡೇಶ್ವರನ ತೇರನ್ನು ನೋಡಬಹುದು. ಅವರನ್ನು ಹಿಂದಿನ ಕೋಣೆಗೆ ನೂಕುವುದು ರೋಗವಲ್ಲ, ನಮ್ಮ ಮುಖದ ಮೇಲಿನ ಅಸಹ್ಯ. ಮಗುವಿನ ಮಲವನ್ನು ತೊಳೆದ ಕೈಗಳಿಗೆ ಹಿರಿಯರ ಸೇವೆಯು ಹೇಸಿಗೆಯಾಗಬಹುದೆ?

ಆಸ್ಪತ್ರೆಯವರಲ್ಲಿ ನಮ್ಮದೊಂದು ಬಿನ್ನಹ: ಮನೆಯವರಲ್ಲಿ ಒಬ್ಬರಾದರೂ ತಮ್ಮ ಕೈಯಿಂದಲೇ ಚೀಲ ಬದಲಿಸಿ ತೋರಿಸುವ ತನಕ ರೋಗಿಯನ್ನು ಊರಿಗೆ ಕಳುಹಿಸಕೂಡದು. ಎರಡು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಚೀಲಗಳ ದಾಸ್ತಾನು ಮತ್ತು ಈ ಕೆಲಸ ಬಲ್ಲ ಒಬ್ಬ ದಾದಿ ಇರುವಂತೆ ಸರ್ಕಾರವು ನೋಡಿಕೊಳ್ಳಲಿ. ಉಳಿಸಿದ ಪ್ರಾಣಕ್ಕೆ ಮಾನವನ್ನೂ ಉಳಿಸಿಕೊಟ್ಟಾಗಲೇ ಚಿಕಿತ್ಸೆಯು ಪೂರ್ಣವಾದಂತೆ.