ನೋವಿನ ಮದ್ದು: ವರ್ಷದ ಪಾಲು ಒಂದು ದಿನಕ್ಕೂ ಸಾಲದು

ಕ್ಯಾನ್ಸರ್ ನೋವಿಗೆ ನಾಲ್ಕು ಗಂಟೆಗೊಮ್ಮೆ 10 ಮಿ.ಗ್ರಾಂ. ಮಾರ್ಫಿನ್ ಮಾತ್ರೆ ನುಂಗುವ ರೋಗಿಗೆ ದಿನಕ್ಕೆ 60 ಮಿ.ಗ್ರಾಂ. ಬೇಕು. ಭಾರತದಲ್ಲಿ ಇಂಥ ಮದ್ದಿನ ಅಗತ್ಯವಿರುವ ಒಬ್ಬ ರೋಗಿಯ ಪಾಲಿಗೆ ವರ್ಷವಿಡೀ ಬರುತ್ತಿದ್ದುದು ಸರಾಸರಿ 43 ಮಿ.ಗ್ರಾಂ. 2010–13ರ ಪೂರೈಕೆ ಆಧರಿಸಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗವು 2017ರಲ್ಲಿ ಕೊಟ್ಟ ಅಂಕಿ ಇದು. ಅಗತ್ಯದ ಶೇ 4ರಷ್ಟು ಮಾತ್ರ ಪೂರೈಕೆ. ಅದೇ ಪಟ್ಟಿಯಲ್ಲಿ ಅಮೆರಿಕದ ರೋಗಿಯ ಪಾಲು 55,704 ಮಿ.ಗ್ರಾಂ.

ಅತಿಯ ಭಯ, ಕೊರತೆಯ ನರಳಾಟ

ಅಮೆರಿಕದಲ್ಲಿ 2012ರಲ್ಲಿ ವೈದ್ಯರು ಪ್ರತಿ 100 ಜನರಿಗೆ ಮಾರ್ಫಿನ್‌ನಂಥ ಒಪಿಯಾಯ್ಡ್ ನೋವುನಿವಾರಕಗಳ 81 ಚೀಟಿ ಬರೆದರು. 2021ರಲ್ಲಿ ಒಪಿಯಾಯ್ಡ್ ಮಿತಿಮೀರಿ ಸತ್ತವರು 80 ಸಾವಿರಕ್ಕೂ ಹೆಚ್ಚು; ಬಹುಪಾಲು ಸಾವಿಗೆ ಕಾರಣ ಕಳ್ಳದಾರಿಯಲ್ಲಿ ಬರುವ ಫೆಂಟಾನಿಲ್ ಎಂಬ ಒಪಿಯಾಯ್ಡ್. ನಮ್ಮಲ್ಲಿ 1985ರ ಮಾದಕ ವಸ್ತು ಕಾಯ್ದೆಗೆ ಹೆದರಿ ಹಲವು ಆಸ್ಪತ್ರೆಗಳು ಮಾರ್ಫಿನ್ ದಾಸ್ತಾನನ್ನೇ ಇಡಲಿಲ್ಲ. 2014ರ ತಿದ್ದುಪಡಿ ಹಲವು ಪರವಾನಗಿಗಳ ತೊಡಕು ಬಿಡಿಸಿ, ಮಾರ್ಫಿನ್ ಸೇರಿ 6 ಔಷಧಗಳಿಗೆ ದೇಶವಿಡೀ ಒಂದೇ ನಿಯಮ ತಂದಿದೆ. ಕೊಡದಿರುವುದನ್ನೇ ಸುರಕ್ಷತೆ ಎನ್ನಲಾಗದು. ಅಳೆದು ಕೊಟ್ಟು, ಕೊಟ್ಟ ಮೇಲೆ ಕಣ್ಣಿಡುವುದೇ ಸುರಕ್ಷತೆ.

ವಾರ್ಡಿನ ಲೆಕ್ಕ

ಬಾಯಿಯ ಮೂಲಕ ಕೊಡುವ 30 ಮಿ.ಗ್ರಾಂ. ಮಾರ್ಫಿನ್, ರಕ್ತನಾಳಕ್ಕೆ ಕೊಡುವ 10 ಮಿ.ಗ್ರಾಂ.ಗೆ ಸಮ. ದಿನಕ್ಕೆ 60 ಮಿ.ಗ್ರಾಂ. ನುಂಗುತ್ತಿದ್ದವರನ್ನು ಇಂಜೆಕ್ಷನ್‌ಗೆ ಬದಲಿಸಿದರೆ 20 ಮಿ.ಗ್ರಾಂ. ಸಾಕು. ಹಳೆಯ ಅಂಕಿಯನ್ನೇ ಕೇಸ್ ಶೀಟಿನಲ್ಲಿ ಮುಂದುವರಿಸಿದರೆ ಡೋಸ್ ಮೂರು ಪಟ್ಟಾಗುತ್ತದೆ. ಫೆಂಟಾನಿಲ್ ಮಾರ್ಫಿನ್‌ಗಿಂತ ಸುಮಾರು 100 ಪಟ್ಟು ಪ್ರಬಲ. ಮೈಕ್ರೋಗ್ರಾಂ ಬದಲು ಮಿಲಿಗ್ರಾಂ ಎಂದು ಓದಿಕೊಂಡರೆ ತಪ್ಪು ಸಾವಿರ ಪಟ್ಟು. ಇಬ್ಬರು ನರ್ಸ್‌ಗಳು ಬೇರೆಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡುವ ಪದ್ಧತಿ ಇರಬೇಕಾದದ್ದು ಇದಕ್ಕೇ. ವಯಸ್ಸಾದವರಿಗೆ, ಕಿಡ್ನಿ ಸೋತವರಿಗೆ ಆರಂಭದ ಡೋಸ್ ಇನ್ನೂ ಕಡಿಮೆ.

ಉಸಿರು ಕುಗ್ಗುವ ಮೊದಲು ಸಾಮಾನ್ಯವಾಗಿ ಮಂಪರು ಹೆಚ್ಚುತ್ತದೆ. ಹಾಗಾಗಿ ಬಿ.ಪಿ., ನಾಡಿಯ ಜೊತೆಗೆ ರೋಗಿ ಎಷ್ಟು ಎಚ್ಚರವಾಗಿದ್ದಾರೆ ಎಂಬುದನ್ನೂ ಬರೆದಿಡಬೇಕು. ಉಸಿರಾಟ ನಿಮಿಷಕ್ಕೆ 8ಕ್ಕಿಂತ ಕೆಳಗಿಳಿದು, ಕೂಗಿದರೂ ಏಳದಿದ್ದರೆ ಮಾರ್ಫಿನ್‌ನ ಪರಿಣಾಮ ಇಳಿಸುವ ನಲೋಕ್ಸೋನ್ ಬೇಕು. 0.4 ಮಿ.ಗ್ರಾಂ. ಆಂಪೂಲಿನ ಮದ್ದಿಗೆ ಸಲೈನ್ ಬೆರೆಸಿ 10 ಮಿ.ಲೀ. ಮಾಡಿ ಸ್ವಲ್ಪಸ್ವಲ್ಪವೇ ಕೊಟ್ಟರೆ ಉಸಿರು ಮರಳುತ್ತದೆ, ನೋವು ಒಮ್ಮೆಲೇ ಕೆರಳುವುದಿಲ್ಲ. ನಲೋಕ್ಸೋನ್ ಪರಿಣಾಮ 30ರಿಂದ 90 ನಿಮಿಷ. ಮಾರ್ಫಿನ್‌ನದು ಅದಕ್ಕಿಂತ ದೀರ್ಘ. ರೋಗಿ ಕಣ್ಣುಬಿಟ್ಟರೆಂದು ಕಾವಲು ಬಿಡುವಂತಿಲ್ಲ.

ಡಿಸ್ಚಾರ್ಜ್ ಚೀಟಿಗೂ ಮಿತಿ ಬೇಕು. ದಿಢೀರ್ ಬಂದ ನೋವಿಗೆ ಸಾಮಾನ್ಯವಾಗಿ 3 ದಿನದ ಮದ್ದು ಸಾಕು, 7 ದಿನಕ್ಕಿಂತ ಹೆಚ್ಚು ಬೇಕಾಗುವುದು ಅಪರೂಪ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ 2016ರಲ್ಲಿ ಕೊಟ್ಟಿದ್ದ, 2022ರಲ್ಲಿ ಪರಿಷ್ಕರಿಸಿದ ಸಲಹೆ ಹೇಳಿತ್ತು. ಕ್ಯಾನ್ಸರ್ ನೋವಿಗೆ, ಕೊನೆಗಾಲದ ಆರೈಕೆಗೆ ಆ ಗಡುವು ಅನ್ವಯಿಸುತ್ತಿರಲಿಲ್ಲ.

ಖರ್ಚು ಎಷ್ಟು?

ಇಡೀ ಜಗತ್ತಿನ ಕೊರತೆ ನೀಗಲು ವರ್ಷಕ್ಕೆ ಸುಮಾರು 14.5 ಕೋಟಿ ಡಾಲರ್ ಸಾಕೆಂದು ಲ್ಯಾನ್ಸೆಟ್ ಆಯೋಗ ಅಂದಾಜಿಸಿತ್ತು. ಅದಕ್ಕೆ ಶ್ರೀಮಂತ ದೇಶಗಳಿಗೆ ಸಿಗುವ ಅತಿ ಕಡಿಮೆ ಬೆಲೆ ಎಲ್ಲರಿಗೂ ಸಿಗಬೇಕು, ಅಷ್ಟೆ. ಮಾರ್ಫಿನ್ ಪೇಟೆಂಟ್ ಇಲ್ಲದ ಹಳೆಯ ಔಷಧ. ನಿಜವಾದ ಖರ್ಚು ತರಬೇತಿಯದು, ರಾತ್ರಿ ಪಾಳಿಯಲ್ಲಿ ಸಾಕಷ್ಟು ನರ್ಸ್‌ಗಳನ್ನು ಇಡುವುದರದು.

ನಮ್ಮ ಜಿಲ್ಲಾಸ್ಪತ್ರೆಗಳು, ಮೆಡಿಕಲ್ ಕಾಲೇಜುಗಳು ಪ್ರತಿ ತಿಂಗಳು ನಾಲ್ಕು ಅಂಕಿ ದಾಖಲಿಸಲಿ: ಮಾರ್ಫಿನ್ ಪಡೆದವರೆಷ್ಟು, ಖರ್ಚಾದ ಮಿಲಿಗ್ರಾಂ ಎಷ್ಟು, ನಲೋಕ್ಸೋನ್ ಬೇಕಾದದ್ದು ಎಷ್ಟು ಸಲ, ನೋವು ತಗ್ಗಿದ್ದು ಎಷ್ಟು ಜನರಿಗೆ. ಮೂರನೆಯದು ಸೊನ್ನೆಯತ್ತ ಇಳಿಯುತ್ತ, ನಾಲ್ಕನೆಯದು ಏರುತ್ತ ಹೋದರೆ ಆ ಆಸ್ಪತ್ರೆ ಮಾರ್ಫಿನ್ ಬಳಕೆಯನ್ನು ಕಲಿತಿದೆ ಎಂದರ್ಥ.